ಪುಟ್ಟನ ಪ್ರಶ್ನೆಗೆ ದೊಡ್ಡಮ್ಮನ ಉತ್ತರ, ಸ್ವಲ್ಪ ಉದ್ದ ಆಯ್ತು

ಎಲ್ಲರಿಗೂ ವಂದನೆ. ಪುಟ್ಟಾ, ನಿನ್ನೆ ಈ ಗುಂಪಿನಲ್ಲಿ ಅತ್ತಿಗೆ ಅಣ್ಣನ ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಪ್ರಾರ್ಥನೆ ಮಾಡಿ ಅಂತ ಹಾಕಿದಾಗ ನೀನು ಕೇಳಿದೆಯಲ್ಲ, ದೇವರಿಗೆ ಮೊದಲೇ ಎಲ್ಲ ಗೊತ್ತು, ಮಾವನೇ ಪ್ರಾರ್ಥನೆ ಮಾಡಿಕೊಳ್ಳುತ್ತಾರೆ, ಇನ್ನು ಇಷ್ಟು ಜನ ಯಾಕೆ, ಜಾಸ್ತಿ ಜನ ಕೇಳಿದರೆ ದೇವರು ಬೇಗ ಕೊಡ್ತಾನಾ ಅಂತ. ಕೆಲವರಿಗೆ ಕೋಪ ಬಂದಿರಬಹುದು. ನನಗೆ ಬರಲಿಲ್ಲ.

ನಲ್ಲಿಯಲ್ಲಿ ನೀರು ಬರ್ತಿಲ್ಲ ಅಂತ ಬೀದಿಯವರೆಲ್ಲ ಸಹಿ ಹಾಕಿ ಕೊಡುವ ಅರ್ಜಿ ಅಲ್ಲ ಇದು. ಎಷ್ಟು ಸಹಿ ಬಿತ್ತು ಅಂತ ದೇವರು ಎಣಿಸುವುದಿಲ್ಲ. ಅಷ್ಟು ಮಟ್ಟಿಗೆ ನೀನು ಹೇಳಿದ್ದು ಸರಿ.

ಆದರೆ ಬೈಬಲ್‌ನಲ್ಲಿ ಬರುವ ಪೌಲನನ್ನು ನೋಡು, ಊರೂರು ತಿರುಗಿ ಯೇಸುವಿನ ವಿಷಯ ಸಾರಿದವನು. ಕ್ರಿ.ಶ. 57ರ ಸುಮಾರಿಗೆ ರೋಮಿನ ಸಭೆಗೆ, ಅಂದರೆ ಅಲ್ಲಿನ ಕ್ರೈಸ್ತರಿಗೆ, ಪತ್ರ ಬರೆಯುತ್ತಾನೆ, ಆಗ ಆ ಊರಿಗೆ ಇನ್ನೂ ಕಾಲೇ ಇಟ್ಟಿರಲಿಲ್ಲ. ಆ ಪತ್ರದ 15ನೇ ಅಧ್ಯಾಯದ ಕೊನೆಗೆ ನನಗೋಸ್ಕರ ಪ್ರಾರ್ಥನೆ ಮಾಡಿ ಅಂತ ಬೇಡಿಕೊಳ್ಳುತ್ತಾನೆ. ಏನು ಬೇಕು ಅಂತಲೂ ಬಿಡಿಸಿ ಹೇಳುತ್ತಾನೆ: ಯೂದಾಯದಲ್ಲಿ, ಅಂದರೆ ಯೆರೂಸಲೇಮಿನ ಸೀಮೆಯಲ್ಲಿ, ವಿರೋಧಿಗಳ ಕೈಗೆ ಸಿಗಬಾರದು, ಅಲ್ಲಿನ ಬಡವರಿಗೆ ಒಯ್ಯುವ ಹಣ ಯೆರೂಸಲೇಮಿನವರಿಗೆ ಒಪ್ಪಿಗೆಯಾಗಬೇಕು, ಆಮೇಲೆ ಸಂತೋಷವಾಗಿ ನಿಮ್ಮ ಹತ್ತಿರ ಬರಬೇಕು. ಆಗಿದ್ದೇನು? ಯೆರೂಸಲೇಮಿನ ದೇವಾಲಯದಲ್ಲೇ ಜನ ಹಿಡಿದು, ಹೊರಗೆ ಎಳೆದು ಹೊಡೆದರು. ಸೈನಿಕರು ಬಂದು ಬಿಡಿಸಿದ್ದಕ್ಕೆ ಜೀವ ಉಳಿಯಿತು. ಕೈಸರೈಯ ಅನ್ನುವ ಊರಿನಲ್ಲಿ 2 ವರ್ಷ ಸೆರೆ, ಆಮೇಲೆ ಹಡಗು ಒಡೆದು ಮಾಲ್ಟಾ ದ್ವೀಪದಲ್ಲಿ ದಡ ಸೇರಿದ್ದು. ರೋಮಿಗೆ ಹೋದ, ಆದರೆ ಕೈದಿಯಾಗಿ. ಕೇಳಿದ್ದು ಸಿಕ್ಕಿತು ಅನ್ನೋಣವಾ, ಸಿಗಲಿಲ್ಲ ಅನ್ನೋಣವಾ?

ಇದರ ಮುಂದಿನದು ನನಗೆ ಬಹಳ ಇಷ್ಟ. ಅವನು ಬರ್ತಿದ್ದಾನೆ ಅಂತ ಕೇಳಿ ರೋಮಿನ ಸಹೋದರರು ಅಪ್ಪಿಯ ಪೇಟೆಯ ತನಕ ಎದುರಿಗೆ ಬಂದರು. ಅದು ರೋಮಿನಿಂದ ಸುಮಾರು 65 ಕಿಲೋಮೀಟರ್. ಅವರನ್ನು ನೋಡಿ ಪೌಲ ದೇವರಿಗೆ ಸ್ತೋತ್ರ ಹೇಳಿ ಧೈರ್ಯ ತಂದುಕೊಂಡ ಅಂತ ಬೈಬಲ್‌ನ ಅಪೊಸ್ತಲರ ಕೃತ್ಯಗಳು ಪುಸ್ತಕದ 28ನೇ ಅಧ್ಯಾಯದಲ್ಲಿದೆ. ಪ್ರಾರ್ಥನೆ ಮಾಡಿ ಅಂತ ಆ ಪತ್ರ ಹೋಗಿತ್ತಲ್ಲ, ಅದೇ ಸಭೆಯವರು! ಒಬ್ಬರಿಗೋಸ್ಕರ ದಿನಾ ಪ್ರಾರ್ಥನೆ ಮಾಡುವವರು ಅವರು ಊರ ಹತ್ತಿರ ಬಂದಾಗ ಮನೆಯಲ್ಲಿ ಕೂತಿರಲು ಆಗುವುದಿಲ್ಲ ಕಣೋ.

ನಮ್ಮ ಸ್ತ್ರೀಯರ ಕೂಟದಲ್ಲಿ ಒಬ್ಬ ಅಜ್ಜಿ ಇದ್ದಾರೆ. ಹಳೇ ಡೈರಿಯಲ್ಲಿ ಹೆಸರು, ಪಕ್ಕದಲ್ಲಿ ವಿಷಯ: "ಸ್ಕ್ಯಾನಿಂಗ್ ಮಂಗಳವಾರ", "ಮಗನ ಕೆಲಸ". ಬುಧವಾರ ಬೆಳಗ್ಗೆ ಫೋನ್ ಬಂದೇ ಬರುತ್ತದೆ, ಸ್ಕ್ಯಾನಿಂಗ್‌ನಲ್ಲಿ ಏನು ಬಂತಮ್ಮಾ ಅಂತ. ಬರೀ ಕೈ ಮುಗಿಯುವ ಚಿತ್ರ ಒತ್ತಿ ಮುಂದಿನ ಮೆಸೇಜಿಗೆ ಹೋಗುವವರಿಂದ ಆ ಫೋನ್ ಬರಲ್ಲ ಅಲ್ವಾ? ಇನ್ನೊಂದು, ಪ್ರಾರ್ಥನೆ ವಿಷಯ ಅಂತ ಹೆಸರಿಟ್ಟು ಒಬ್ಬರ ಮನೆ ಸಂಗತಿಯನ್ನು ಬೇರೆ ಗುಂಪುಗಳಿಗೆ ಕಳಿಸಬೇಡಿ, ಯಾರಿಗೆ ಹೇಳ್ತಿದ್ದೇನೆ ಅಂತ ಅವರಿಗೇ ಗೊತ್ತು.

ಅತ್ತಿಗೆ, ಒಳಗೆ ಕರೆದುಕೊಂಡು ಹೋಗುವುದು ಎಷ್ಟು ಗಂಟೆಗೆ ಅಂತ ಹಾಕಿ, ಆ ಹೊತ್ತಿಗೆ ನಾನು ಮತ್ತೆ ನಿಮ್ಮ ತಮ್ಮ ಕೂತು ಪ್ರಾರ್ಥನೆ ಮಾಡುತ್ತೇವೆ. ಮಧ್ಯಾಹ್ನದ ಊಟ ನನ್ನದು. ಪುಟ್ಟಾ, ರಾತ್ರಿ ಮಾವನ ಜೊತೆ ಆಸ್ಪತ್ರೆಯಲ್ಲಿ ಇರಲು ಒಬ್ಬರು ಬೇಕು, ನಿನಗೆ ಆಗುತ್ತಾ ಹೇಳು.