ಚಳಿಗಾಲ ಕಳೆದ ದೋಣಿಮನೆ: ಹೊರಡುವ ಮುನ್ನ ಏನೇನು ನೋಡಬೇಕು?

ಕೇಳಿದವರು:
ಎಲ್ಲರಿಗೂ ನಮಸ್ಕಾರ. ಕಳೆದ ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಬಾಡಿಗೆ ಮನೆ ಬಿಟ್ಟು, 57 ಅಡಿಯ ನ್ಯಾರೋಬೋಟ್ (ಕಾಲುವೆಗಳಲ್ಲಿ ಓಡುವ ಉದ್ದನೆಯ, ಕಿರಿದಾದ ದೋಣಿ) ಕೊಂಡು ಇಂಗ್ಲೆಂಡಿನ ಬ್ರಾನ್‌ಸ್ಟನ್ ಬಳಿ ವಾಸಕ್ಕೆ ಬಂದೆವು. ಡಿಸೆಂಬರಿನಿಂದ ಫೆಬ್ರವರಿವರೆಗೆ ಮೈಸೂರಿನಲ್ಲಿದ್ದೆವು, ದೋಣಿ ಬೀಗ ಹಾಕಿಕೊಂಡು ನಿಂತಿತ್ತು. ಈಸ್ಟರ್ ಹೊತ್ತಿಗೆ ಹೊರಟು ನಿಧಾನವಾಗಿ ವೇಲ್ಸಿನ ಲ್ಯಾಂಗೊಲೆನ್ ಕಾಲುವೆ ತಲುಪುವ ಆಸೆ. ನಮ್ಮವರು ಆಗಲೇ ಬಣ್ಣದ ಡಬ್ಬಿ ತಂದಿಟ್ಟಿದ್ದಾರೆ. ಎಲ್ಲಿಂದ ಶುರು ಮಾಡಬೇಕು?

ಒಂಬತ್ತು ವರ್ಷದಿಂದ ದೋಣಿಯಲ್ಲೇ ಇರುವವರು:
ಬಣ್ಣದ ಡಬ್ಬಿಯನ್ನು ಸದ್ಯಕ್ಕೆ ಮುಚ್ಚಿಡುವಂತೆ ನಿಮ್ಮ ಯಜಮಾನರಿಗೆ ಹೇಳಿ. ಹಬ್ಬ ಬಂತೆಂದರೆ ಸುಣ್ಣ ಬಳಿಯುವ ಜನ ನಾವು, ದೋಣಿಯನ್ನು ಕಂಡರೂ ಮೊದಲು ಕುಂಚವೇ ನೆನಪಾಗುತ್ತದೆ. ಮೊದಲ ವರ್ಷ ನಾನೂ ಅದನ್ನೇ ಮಾಡಿದೆ. ಹೊರಗೆ ಫಳಫಳ ಹೊಳೆಯುತ್ತಿದ್ದ ದೋಣಿಯ ನೆಲಹಲಗೆಯ ಕೆಳಗೆ ಎರಡಂಗುಲ ನೀರು ನಿಂತಿತ್ತು.

ದೋಣಿ ಸಾಮಾನ್ಯವಾಗಿ ಹಿಂದಕ್ಕೆ ಸ್ವಲ್ಪ ತಗ್ಗಿ ನಿಲ್ಲುವುದರಿಂದ ಒಳಗೆ ಸೋರಿದ್ದೆಲ್ಲ ಕೋಣೆಯ ಹಿಂತುದಿಗೆ ಹರಿದು ಬರುತ್ತದೆ. ಅಲ್ಲಿ ಎತ್ತಲು ಬರುವ ಹಲಗೆಯೊಂದು ಇರುತ್ತದೆ. ಎತ್ತಿ, ಕೈಹಾಕಿ ನೋಡಿ. ಒದ್ದೆಯಿದ್ದರೆ ಒರೆಸಿ, ಹಳೆಯ ಪತ್ರಿಕೆಯ ಹಾಳೆ ಹಾಸಿ, ಮರುದಿನ ಮತ್ತೆ ನೋಡಿ. ಆಮೇಲೆ ನಲ್ಲಿಗಳನ್ನೆಲ್ಲ ಮುಚ್ಚಿ, ನೀರಿನ ಪಂಪಿನ ಸ್ವಿಚ್ ಹಾಕಿ, ರೇಡಿಯೊ ಆರಿಸಿ ಸುಮ್ಮನೆ ಕುಳಿತುಕೊಳ್ಳಿ. ಯಾರೂ ನಲ್ಲಿ ಮುಟ್ಟದಿದ್ದರೂ ಪಂಪು ಆಗಾಗ ಗುರ್ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ನಮ್ಮಲ್ಲಿ ಹಿಮಕ್ಕೆ ಸೀಳಿದ್ದು ಸ್ನಾನದ ಶವರಿನ ಹಿತ್ತಾಳೆ ಭಾಗ. ಕೂದಲೆಳೆಯಂತಹ ಸೀಳು ಕಣ್ಣಿಗೆ ಕಾಣಲಿಲ್ಲ, ಬೆರಳಿಗೆ ತಗುಲಿತು.

ಅದಾದ ಮೇಲೆ ದೋಣಿಯ ಹಿಂಬದಿ. ಪ್ರೊಪೆಲರಿನ ಶಾಫ್ಟು ದೋಣಿಯಿಂದ ಹೊರಗೆ ಹೋಗುವ ಜಾಗಕ್ಕೆ ಸ್ಟರ್ನ್ ಗ್ಲ್ಯಾಂಡ್ ಎನ್ನುತ್ತಾರೆ. ಶಾಫ್ಟು ತಿರುಗುವಾಗ ನಿಮಿಷಕ್ಕೆ ಒಂದೆರಡು ಹನಿ ಬಿದ್ದರೆ ಚಿಂತೆಯಿಲ್ಲ. ದೋಣಿ ಕಟ್ಟಿ, ಗ್ರೀಸ್ ತಿರುಪನ್ನು ಬಿಗಿಯೆನಿಸುವಷ್ಟು ತಿರುಗಿಸಿದ ಮೇಲೂ ಹನಿ ನಿಲ್ಲದಿದ್ದರೆ ನೀರು ಒಳಬರದಂತೆ ತಡೆಯುವ ಒಳಗಿನ ಪ್ಯಾಕಿಂಗ್ ಬದಲಿಸುವ ಕಾಲ ಬಂದಿದೆ.

ಇನ್ನು ವೀಡ್ ಹ್ಯಾಚ್. ಪ್ರೊಪೆಲರಿನ ನೆತ್ತಿಗೆ ಸರಿಯಾಗಿರುವ ಮುಚ್ಚಳ ಅದು, ಅದನ್ನು ತೆಗೆದು ಕೈ ಇಳಿಸಿ ಸಿಕ್ಕಿಕೊಂಡ ಕಸ ಬಿಡಿಸಬಹುದು. ನಾಲ್ಕು ವರ್ಷದ ಹಿಂದೆ ಕವೆಂಟ್ರಿ ಕಾಲುವೆಯಲ್ಲಿ ನಮ್ಮ ದೋಣಿ ಇದ್ದಕ್ಕಿದ್ದಂತೆ ಏದುಸಿರು ಬಿಡತೊಡಗಿತು. ಎಂಜಿನ್ ಆರಿಸಿ, ಕೀಲಿಯನ್ನು ಕಿಸೆಗೆ ಹಾಕಿಕೊಂಡು (ಇದನ್ನು ಎಂದೂ ಮರೆಯಬೇಡಿ) ಕೈ ಇಳಿಸಿದರೆ ಮೆತ್ತಗೆ ಏನೋ. ಬ್ರೆಡ್ ಕೊಯ್ಯುವ ಚಾಕುವಿನಿಂದ ಮುಕ್ಕಾಲು ಗಂಟೆ ಕೊಯ್ದ ಮೇಲೆ ಹೊರಗೆ ಬಂದದ್ದು ನೈಲಾನ್ ಸೀರೆ. ನನ್ನವಳು ಅದರ ಅಂಚನ್ನು ತಿರುಗಿಸಿ ನೋಡಿ, "ಒಳ್ಳೆಯ ಬಣ್ಣ ಕಣ್ರೀ" ಎಂದಳು. ನಗುತ್ತಾ ಮುಚ್ಚಳ ಹಾಕಿದೆ. ಅದು ಓರೆಯಾಗಿ ಕುಳಿತದ್ದು ತಿಳಿಯಲಿಲ್ಲ. ಪ್ರೊಪೆಲರ್ ಎರಚಿದ ನೀರೆಲ್ಲ ಎಂಜಿನ್ ಗುಂಡಿಗೆ ಬಂತು. ಹತ್ತು ನಿಮಿಷದ ಮೇಲೆ ಗುಂಡಿಯ ನೀರನ್ನು ಹೊರಹಾಕುವ ಬಿಲ್ಜ್ ಪಂಪ್ ಪಕ್ಕದ ತೂತಿನಿಂದ ಧಾರೆ ಹರಿಸುತ್ತಿದ್ದುದನ್ನು ಕಂಡು ಬದುಕಿದೆವು. ಹೀಗೆಯೇ ಮುಳುಗಿದ ದೋಣಿಗಳಿವೆ. ಮುಚ್ಚಳದ ರಬ್ಬರ್ ಪಟ್ಟಿ ಒಣಗಿ ಬಿರಿದಿದ್ದರೆ ಈಗಲೇ ಬದಲಿಸಿ, ಬಿಲ್ಜ್ ಪಂಪನ್ನು ಬಕೆಟ್ ನೀರು ಸುರಿದು ಪರೀಕ್ಷಿಸಿ.

ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತರಾದವರು:
ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಡೀಸೆಲ್ ಬಗ್ಗೆ ಹೇಳುತ್ತೇನೆ. ಚಳಿಗಾಲದಲ್ಲಿ ಟ್ಯಾಂಕು ಅರ್ಧ ಖಾಲಿಯಿದ್ದರೆ ಒಳಗೋಡೆಯ ಮೇಲೆ ಇಬ್ಬನಿ ಕೂತು ನೀರು ತಳಕ್ಕಿಳಿಯುತ್ತದೆ. ಆ ನೀರು ಮತ್ತು ಡೀಸೆಲ್ ಕೂಡುವಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಎಂಜಿನ್ ಚಾಲೂ ಮಾಡುವ ಮೊದಲು ಫಿಲ್ಟರಿನ ತಳದ ತಿರುಪು ಸಡಿಲಿಸಿ, ಉಪ್ಪಿನಕಾಯಿಯ ಖಾಲಿ ಗಾಜಿನ ಜಾಡಿಗೆ ಸ್ವಲ್ಪ ಇಳಿಸಿ ಹತ್ತು ನಿಮಿಷ ಬಿಡಿ. ಮೇಲೆ ಡೀಸೆಲ್, ಕೆಳಗೆ ನೀರು ಬೇರೆಯಾಗಿ ನಿಲ್ಲುತ್ತವೆ. ನಡುವೆ ಕಪ್ಪು ಲೋಳೆಯ ಪದರ ಕಂಡರೆ ಬರೀ ಫಿಲ್ಟರ್ ಬದಲಿಸಿದರೆ ಸಾಲದು, ಟ್ಯಾಂಕಿನ ತಳವನ್ನೇ ಹೀರಿಸಿ ತೆಗೆಸಬೇಕು.

ಬ್ಯಾಟರಿಗಳನ್ನು ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಏನನ್ನೂ ಬಳಸದೆ ಬಿಟ್ಟು ಅಳೆಯಿರಿ. ಸೀಸದ ಬ್ಯಾಟರಿ 12.7 ವೋಲ್ಟ್ ಆಸುಪಾಸು ತೋರಿಸಬೇಕು. ರಾತ್ರಿ ಒಂದೆರಡು ದೀಪ ಉರಿಸಿದ್ದಕ್ಕೇ ಬೆಳಿಗ್ಗೆ 12.2ಕ್ಕೆ ಇಳಿದಿದ್ದರೆ ಅದರ ಆಯುಷ್ಯ ಮುಗಿಯುತ್ತಾ ಬಂದಿದೆ.

ಬರ್ಮಿಂಗ್‌ಹ್ಯಾಮ್‌ನಿಂದ ಒಬ್ಬರು:
ಗಂಡಸರು ಎಂಜಿನ್ ಬಿಟ್ಟು ಮೇಲೇಳುವುದಿಲ್ಲ! ಗ್ಯಾಸ್ ಮರೆಯಬೇಡಮ್ಮ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ಕೂರುತ್ತದೆ. ಸಿಲಿಂಡರ್ ಪೆಟ್ಟಿಗೆಯ ತಳದ ತೂತುಗಳು ತುಕ್ಕು, ಎಲೆಗಳಿಂದ ಮುಚ್ಚಿಹೋಗಿವೆಯೇ ನೋಡು. ಕಾರ್ಬನ್ ಮೊನಾಕ್ಸೈಡ್ ಅಲಾರಂನ ಗುಂಡಿ ಒತ್ತಿ ನೋಡು, ಅದರ ಹಿಂದೆ ಬರೆದಿರುವ ಅವಧಿಯ ದಿನಾಂಕವನ್ನೂ ಓದು. ಒಲೆಯ ಬಾಗಿಲಿನ ಹಗ್ಗದ ಸೀಲು ಸವೆದಿದ್ದರೆ ಬದಲಿಸು. ಸುರಕ್ಷತಾ ಪ್ರಮಾಣಪತ್ರ ನಾಲ್ಕು ವರ್ಷಕ್ಕೊಮ್ಮೆ ಬೇಕು. ಹಿಂದಿನ ಮಾಲೀಕರು ಯಾವಾಗ ಮಾಡಿಸಿದ್ದರು ಎಂದು ಕಾಗದ ತೆಗೆದು ನೋಡು, ಅದಿಲ್ಲದೆ ಲೈಸೆನ್ಸ್ ನವೀಕರಣ ಆಗುವುದಿಲ್ಲ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಹಲಗೆಯ ಕೆಳಗೆ ಒಣಗಿದೆ. ಪಂಪು ಮಾತ್ರ ಸುಮಾರು ಅರ್ಧ ಗಂಟೆಗೊಮ್ಮೆ ಗುರ್ ಎನ್ನುತ್ತದೆ, ಹುಡುಕುತ್ತಿದ್ದೇವೆ. ತಳಕ್ಕೆ ಈ ವರ್ಷವೇ ಟಾರು ಬಳಿಸಬೇಕೇ?

ಒಂಬತ್ತು ವರ್ಷದಿಂದ ದೋಣಿಯಲ್ಲೇ ಇರುವವರು:
ಬಿಸಿನೀರಿನ ಟ್ಯಾಂಕಿನ ಒತ್ತಡದ ಕವಾಟ ನೋಡಿ. ಅದು ತೊಟ್ಟಿಕ್ಕುವ ನೀರು ಕೊಳವೆಯಲ್ಲಿ ನೇರ ಹೊರಗೆ ಹೋಗುವುದರಿಂದ ನೆಲ ಒಣಗಿರುತ್ತದೆ. ಟಾರನ್ನು ಎರಡು ಮೂರು ವರ್ಷಕ್ಕೊಮ್ಮೆ ಬಳಿಸಿದರೆ ಸಾಕು. ಕೊಳ್ಳುವಾಗ ದೋಣಿಯನ್ನು ನೀರಿನಿಂದ ಎತ್ತಿಸಿ ತಪಾಸಣೆ ಮಾಡಿಸಿದ್ದರೆ ಅದರ ವರದಿಯಲ್ಲಿ ತಗಡಿನ ದಪ್ಪ, ತಾವು ಸವೆದು ತಗಡನ್ನು ತುಕ್ಕಿನಿಂದ ಕಾಯುವ ಮೆಗ್ನೀಸಿಯಂ ತುಂಡುಗಳ ಸವೆತ ಎಲ್ಲ ಇರುತ್ತದೆ.

ಮತ್ತೊಂದು ಮಾತು. ಲ್ಯಾಂಗೊಲೆನ್‌ಗೆ ನೇರ ಹೊರಡಬೇಡಿ. ಮೊದಲು ಬ್ರಾನ್‌ಸ್ಟನ್ನಿನ ಆರು ಲಾಕ್ (ನೀರು ತುಂಬಿಸಿ, ಖಾಲಿ ಮಾಡಿ ದೋಣಿಯನ್ನು ಏರಿಸಿಳಿಸುವ ಗೇಟುಗಳಿರುವ ತೊಟ್ಟಿ) ಹತ್ತಿ, ಸುರಂಗ ದಾಟಿ, ನಾರ್ಟನ್ ಕೂಡುಗಾಲುವೆಯಲ್ಲಿ ತಿರುಗಿಸಿಕೊಂಡು ಒಂದೇ ದಿನದಲ್ಲಿ ಮರಳಿ ಬನ್ನಿ. ಸುರಂಗ 2,042 ಗಜ ಉದ್ದ, ಮುಂದಿನ ದೀಪ ಮತ್ತು ಹಾರನ್ನಿಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಇಳಿಯುವಾಗ ಲಾಕ್ ಒಳಗೆ ಹಿಂದಿನ ಬಿಳಿ ಗೆರೆಯಿಂದ ಮುಂದಕ್ಕೇ ಇರಿ, ಇಲ್ಲದಿದ್ದರೆ ನೀರು ತಗ್ಗಿದಾಗ ದೋಣಿಯ ಹಿಂಬದಿ ಮೇಲಿನ ಗೇಟಿನ ಬುಡದ ಕಲ್ಲಿನ ಅಂಚಿನ ಮೇಲೆ ಕೂತುಬಿಡುತ್ತದೆ. ಅಲ್ಲಿಯ ಲಾಕ್‌ಗಳು ಅಗಲವಾಗಿವೆ. ಮುಂದೆ ಸಿಗುವ ಕಿರಿದಾದ ಲಾಕ್‌ಗಳ ಅಗಲ ಸುಮಾರು 7 ಅಡಿ, ನಿಮ್ಮ ದೋಣಿಯದು 6 ಅಡಿ 10 ಅಂಗುಲ. ಬದಿ ಉಜ್ಜದಂತೆ ಪಕ್ಕಕ್ಕೆ ತೂಗಿಬಿಟ್ಟ ಮೆತ್ತೆಗಳನ್ನು, ಅಂದರೆ ಫೆಂಡರ್‌ಗಳನ್ನು ಎತ್ತಿಕೊಳ್ಳದೆ ಒಳಹೊಕ್ಕರೆ ಬೆಣೆ ಹೊಡೆದಂತೆ ಸಿಕ್ಕಿಕೊಳ್ಳುತ್ತೀರಿ.

ಮರಳಿ ಬಂದು ದೋಣಿ ಕಟ್ಟಿದ ಮೇಲೆ ಎಂಜಿನ್ ಗುಂಡಿಯ ಮುಚ್ಚಳ ತೆಗೆದು, ಟಾರ್ಚ್ ಹಿಡಿದು ಗ್ಲ್ಯಾಂಡ್ ನೋಡಿ. ಹನಿ ನಿಂತಿದ್ದರೆ ಬಣ್ಣದ ಡಬ್ಬಿ ತೆರೆಯಬಹುದು.