ಮದ್ಯ ಮುಟ್ಟದವನಿಗೂ ಫ್ಯಾಟಿ ಲಿವರ್: ಈ ‘ಲಿವರ್ ಶುದ್ಧಿ’ ಪುಡಿ ತೆಗೆದುಕೊಳ್ಳಬಹುದೇ?

ರಾತ್ರಿಪಾಳಿ:
ವಯಸ್ಸು 42, ತೂಕ 84 ಕಿಲೋ. ಮದ್ಯದ ವಾಸನೆಯೇ ನನಗೆ ಆಗುವುದಿಲ್ಲ. ಬೇರೇನೋ ಕಾರಣಕ್ಕೆ ಮಾಡಿಸಿದ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’, ಅಂದರೆ ಲಿವರ್‌ನಲ್ಲಿ ಮೊದಲ ಹಂತದ ಕೊಬ್ಬು, ಎಂದು ಬಂದಿದೆ. ರಕ್ತಪರೀಕ್ಷೆಯಲ್ಲಿ ಎಎಲ್‌ಟಿ (ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಕಿಣ್ವ) 64. ವೈದ್ಯರು “ತೂಕ ಇಳಿಸಿ, ಆರು ತಿಂಗಳು ಬಿಟ್ಟು ಬನ್ನಿ” ಎಂದಷ್ಟೇ ಹೇಳಿ ಮುಂದಿನವರನ್ನು ಒಳಗೆ ಕರೆದರು. ಭಾವ ಲಿವರ್ ಶುದ್ಧಿ ಮಾಡುವ ಗಿಡಮೂಲಿಕೆ ಪುಡಿಯ ಡಬ್ಬಿ ತಂದುಕೊಟ್ಟಿದ್ದಾರೆ. ಅಡುಗೆಯಲ್ಲಿ ಎಣ್ಣೆಯನ್ನು ಪೂರ್ತಿ ಬಿಟ್ಟಿದ್ದೇನೆ, ಬೆಳಿಗ್ಗೆ ತಿಂಡಿಯ ಬದಲು ದೊಡ್ಡ ಲೋಟ ಹಣ್ಣಿನ ರಸ. ದಾರಿ ಸರಿಯಿದೆಯೇ?

ಫಾರ್ಮಸಿ ಅಕ್ಕ:
ನಾನು ವೈದ್ಯೆಯಲ್ಲ, ಔಷಧದ ಅಂಗಡಿಯಲ್ಲಿ ಕೂದಲು ನೆರೆಸಿಕೊಂಡವಳು. ಹಾಗಾಗಿ ಡಬ್ಬಿಯಿಂದಲೇ ಶುರು ಮಾಡುತ್ತೇನೆ: ಅದನ್ನು ತೆರೆಯಬೇಡಿ. ರಕ್ತದಲ್ಲಿನ ಬೇಡದ್ದನ್ನು ಬೇರ್ಪಡಿಸುವುದು ಲಿವರ್‌ನ ನಿತ್ಯದ ಕೆಲಸ. ಅದನ್ನೇ ‘ಶುದ್ಧಿ’ ಮಾಡುವ ಪುಡಿಗೆ ಆಧಾರವಿಲ್ಲ. ‘ಗಿಡಮೂಲಿಕೆ, ಅಡ್ಡಪರಿಣಾಮವಿಲ್ಲ’ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹಸಿರು ಚಹಾದ ಸಾರ, ಅರಿಸಿನದ ಸಾರ ತುಂಬಿದ ಗುಳಿಗೆಗಳಿಂದಲೇ ಲಿವರ್ ಊದಿ ಕಾಮಾಲೆಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಚಹಾ ಕುಡಿಯುವುದೇ ಬೇರೆ, ಗಟ್ಟಿ ಮಾಡಿದ ಸಾರವನ್ನು ನುಂಗುವುದೇ ಬೇರೆ.

ಇನ್ನು ಹಣ್ಣಿನ ರಸ. ಆ ಲೋಟ ತುಂಬಲು ಮೂರು ನಾಲ್ಕು ಹಣ್ಣು ಹಿಂಡುತ್ತೀರಿ, ನಾರನ್ನು ಕಸಕ್ಕೆ ಎಸೆದು ಸಕ್ಕರೆಯನ್ನು ಮಾತ್ರ ಕುಡಿಯುತ್ತೀರಿ. ಆ ಸಕ್ಕರೆಯಲ್ಲಿನ ಫ್ರಕ್ಟೋಸನ್ನು ಅರಗಿಸುವ ಹೊಣೆ ಬಹುಪಾಲು ಲಿವರ್‌ನದೇ. ಹೆಚ್ಚಾದದ್ದನ್ನು ಅದು ಕೊಬ್ಬು ಮಾಡಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ನಿಮಗೆ ಬೇಡವಾಗಿರುವುದೂ ಅದೇ ತಾನೇ? ಒಂದು ಹಣ್ಣನ್ನು ಕಚ್ಚಿ ತಿನ್ನಿ, ಸಾಕು. ಎಣ್ಣೆಗೆ ಪೂರ್ತಿ ಬಹಿಷ್ಕಾರ ಬೇಡ. ತಂಪು ಪಾನೀಯ, ಬೇಕರಿ ತಿನಿಸು, ಮೈದಾ, ಇವು ಮೊದಲು ಹೊರಹೋಗಲಿ. ಬೇಳೆಕಾಳು, ತರಕಾರಿ ಹೆಚ್ಚಲಿ.

ತೂಕದ ಲೆಕ್ಕ ಹೀಗಿದೆ: ಶೇ. 5ರಷ್ಟು, ಅಂದರೆ ನಿಮಗೆ ನಾಲ್ಕು ಕಿಲೋ ಚಿಲ್ಲರೆ, ಇಳಿದರೆ ಲಿವರ್‌ನ ಕೊಬ್ಬು ಕರಗತೊಡಗುತ್ತದೆ. ಉರಿಯೂತ ತಗ್ಗಲು ಶೇ. 7ರಿಂದ 10 ಬೇಕು. ವಾರಕ್ಕೆ ಅರ್ಧದಿಂದ ಒಂದು ಕಿಲೋ ಮೀರಬೇಡಿ. ಉಪವಾಸ ಬಿದ್ದು ದಿಢೀರನೆ ಇಳಿಸಿದರೆ ಲಿವರ್ ಇನ್ನಷ್ಟು ಕೆರಳಬಹುದು.

ಕಡ್ಡಿಪೈಲ್ವಾನ:
ತೂಕ ಎನ್ನುತ್ತಿದ್ದೀರಿ, ನಾನು 58 ಕಿಲೋದವನು, ನನಗೂ ಇದೆ! ತೆಳ್ಳಗಿರುವವರಿಗೆ ಬರುವುದಿಲ್ಲ ಎಂದುಕೊಳ್ಳಬೇಡಿ. ನನಗೆ ಹೊಟ್ಟೆಯ ಸುತ್ತ ಮಾತ್ರ ಬೊಜ್ಜು, ಜೊತೆಗೆ ರಕ್ತದಲ್ಲಿ ಸಕ್ಕರೆ. ಇನ್ನೊಂದು ಮಾತು: ಎಎಲ್‌ಟಿ ಏರಲು ಕೊಬ್ಬೊಂದೇ ಕಾರಣವಲ್ಲ. ಲಿವರ್‌ಗೆ ತಗಲುವ ವೈರಸ್ ಸೋಂಕುಗಳಾದ ಹೆಪಟೈಟಿಸ್ ಬಿ, ಸಿ ಎರಡನ್ನೂ ಪರೀಕ್ಷೆ ಮಾಡಿಸಿ. ಬಿ ಇಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳಬಹುದು. ಸಿ ಇದ್ದರೂ ಈಗ 8ರಿಂದ 12 ವಾರಗಳ ಮಾತ್ರೆಯಲ್ಲಿ ಬಹುತೇಕ ಎಲ್ಲರಿಗೂ ವಾಸಿಯಾಗುತ್ತದೆ.

ರಾತ್ರಿಪಾಳಿ:
ರಸ ಇಂದಿನಿಂದಲೇ ಬಂದ್. ಪಾಳಿಯಲ್ಲಿ ಕಾಫಿ ಬಿಟ್ಟರೆ ಕಣ್ಣು ಮುಚ್ಚಿಬಿಡುತ್ತದೆ, ಅದನ್ನೂ ಬಿಡಬೇಕೇ ಅಕ್ಕ? ನಿದ್ದೆಗೆಟ್ಟು ತಲೆನೋವು ಬೇರೆ, ಆಗಾಗ ಮಾತ್ರೆ ನುಂಗುತ್ತೇನೆ. ವರದಿಯಲ್ಲಿ ಎಎಸ್‌ಟಿ (ಎಎಲ್‌ಟಿಯಂಥದೇ ಇನ್ನೊಂದು ಕಿಣ್ವ) 40, ಪ್ಲೇಟ್‌ಲೆಟ್ 2,40,000 ಎಂದಿದೆ. ಅದೇನಾದರೂ ಹೇಳುತ್ತದೆಯೇ?

ಫಾರ್ಮಸಿ ಅಕ್ಕ:
ಕಾಫಿ ಬಿಡಬೇಡಿ, ಸಕ್ಕರೆ ಬಿಡಿ. ಕಾಫಿ ಕುಡಿಯುವವರಲ್ಲಿ ಲಿವರ್ ಕಲೆಗಟ್ಟಿ ಗಡುಸಾಗುವುದು ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಪಾಳಿಯ ಮೊದಲರ್ಧದಲ್ಲೇ ಕುಡಿದು ಮುಗಿಸಿ, ಇಲ್ಲವಾದರೆ ಹಗಲಿನ ನಿದ್ದೆ ಹಾಳು.

ಮಾತ್ರೆಯ ವಿಷಯ ಹೇಳಿದ್ದು ಒಳ್ಳೆಯದಾಯಿತು. ಈಗ ಆ ಮಾತ್ರೆಯ ಸ್ಟ್ರಿಪ್ಪನ್ನು ತಿರುಗಿಸಿ, ಬೆಳ್ಳಿ ಹಾಳೆಯ ಮೇಲಿನ ಸಣ್ಣ ಅಕ್ಷರ ಓದಿ. ‘ಪ್ಯಾರಸಿಟಮಾಲ್ 500 ಮಿ.ಗ್ರಾಂ’ ಎಂದಿರಬಹುದು. ನೆಗಡಿಯ ಮಾತ್ರೆಯ ಸ್ಟ್ರಿಪ್ ಮನೆಯಲ್ಲಿದ್ದರೆ ಅದನ್ನೂ ತಿರುಗಿಸಿ, ಹೆಚ್ಚಿನವುಗಳಲ್ಲಿ ಅದೇ ಹೆಸರು ಮತ್ತೆ ಸಿಗುತ್ತದೆ. ತಲೆನೋವಿಗೊಂದು, ನೆಗಡಿಗೊಂದು ಎಂದು ಎರಡನ್ನೂ ಒಟ್ಟಿಗೆ ಕೊಳ್ಳುವವರನ್ನು ದಿನವೂ ತಡೆಯುತ್ತೇನೆ. ಕೆಲವರು ನಾನು ವ್ಯಾಪಾರ ಬೇಡವೆನ್ನುತ್ತಿದ್ದೇನೆಂದು ವಿಚಿತ್ರವಾಗಿ ನೋಡುತ್ತಾರೆ. ಆರೋಗ್ಯವಂತ ವಯಸ್ಕರಿಗೇ 24 ಗಂಟೆಯಲ್ಲಿ 4 ಗ್ರಾಂ ಕೊನೆಯ ಗೆರೆ, ಎಂಟು ಮಾತ್ರೆ. ನಿಮ್ಮ ಮಿತಿ ಎಷ್ಟೆಂದು ವೈದ್ಯರನ್ನು ಕೇಳಿ. ಹೇಳಿದ ಪ್ರಮಾಣದಲ್ಲಿ ಅದು ಒಳ್ಳೆಯ ಔಷಧವೇ, ಮೀರಿದರೆ ಲಿವರನ್ನು ಕೊಲ್ಲುತ್ತದೆ.

ನಿಮ್ಮ ಅಂಕಿಗಳಿಂದ, ಲಿವರ್ ಎಷ್ಟು ಕಲೆಗಟ್ಟಿರಬಹುದೆಂದು ಅಂದಾಜಿಸುವ ‘ಫಿಬ್-4’ ಎಂಬ ಲೆಕ್ಕ ಹಾಕಬಹುದು. ವಯಸ್ಸು 42ನ್ನು ಎಎಸ್‌ಟಿ 40ರಿಂದ ಗುಣಿಸಿದರೆ 1680. ಪ್ಲೇಟ್‌ಲೆಟ್ಟನ್ನು ಸಾವಿರಗಳಲ್ಲಿ ತೆಗೆದುಕೊಂಡರೆ 240, ಎಎಲ್‌ಟಿ 64ರ ವರ್ಗಮೂಲ 8, ಇವೆರಡರ ಗುಣಲಬ್ಧ 1920. ಭಾಗಿಸಿದಾಗ ಸುಮಾರು 0.88. 1.3ಕ್ಕಿಂತ ಕಡಿಮೆ ಇದ್ದರೆ ಲಿವರ್ ತೀವ್ರವಾಗಿ ಕಲೆಗಟ್ಟಿರುವ ಸಾಧ್ಯತೆ ಬಹಳ ಕಡಿಮೆ. ಆದ್ದರಿಂದ ವೈದ್ಯರು ಆರು ತಿಂಗಳು ಬಿಟ್ಟು ಕರೆದದ್ದು ಉದಾಸೀನವಲ್ಲ ಅನಿಸುತ್ತದೆ, ಬಿಡಿಸಿ ಹೇಳಬಹುದಿತ್ತು ಅಷ್ಟೇ. ಅಲ್ಲಿಯವರೆಗೆ ವಾರಕ್ಕೆ 150 ನಿಮಿಷ ಉಸಿರು ಸ್ವಲ್ಪ ಜೋರಾಗುವಷ್ಟು ಚುರುಕಾಗಿ ನಡೆಯಿರಿ. ತಕ್ಕಡಿಯ ಮುಳ್ಳು ಅಲುಗದಿದ್ದರೂ ವ್ಯಾಯಾಮದಿಂದ ಲಿವರ್‌ನ ಕೊಬ್ಬು ಇಳಿಯುತ್ತದೆ. ಮುಂದಿನ ಸಲ ರಕ್ತ ಕೊಡುವಾಗ ಮೂರು ತಿಂಗಳ ಸಕ್ಕರೆ ಸರಾಸರಿ ಮತ್ತು ಕೊಲೆಸ್ಟರಾಲನ್ನೂ ಸೇರಿಸಲು ಹೇಳಿ.