ಗ್ರನಾಡದಲ್ಲಿ ಇಬ್ಬರಿಗೆ ಮೂರು ರಾತ್ರಿ: ಹೋಗಿ ಬಂದವರು ಹೇಳಿದ್ದು

ಕೇಳಿದವರು, ನೆದರ್ಲೆಂಡ್ಸ್‌ನಿಂದ:

ನಮಸ್ಕಾರ. ಅಕ್ಟೋಬರ್ ಎರಡನೆಯ ವಾರ ನಾನು, ನಮ್ಮ ಯಜಮಾನರು ಇಬ್ಬರೇ ಸ್ಪೇನ್‌ಗೆ ಹೊರಟಿದ್ದೇವೆ. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಮಕ್ಕಳಿಲ್ಲದೆ ಹೋಗುತ್ತಿರುವ ಮೊದಲ ಪ್ರವಾಸ. ಗುರುವಾರ ಸಂಜೆ ಮಾಲಗಾದಲ್ಲಿ ಇಳಿಯುತ್ತೇವೆ, ಭಾನುವಾರ ರಾತ್ರಿ ಅಲ್ಲಿಂದಲೇ ವಾಪಸ್. ಗ್ರನಾಡದ ಅಲ್‌ಹಂಬ್ರಾ ಅರಮನೆ ನೋಡಬೇಕೆನ್ನುವುದು ನನ್ನ ಬಹಳ ವರ್ಷಗಳ ಆಸೆ. ಅಷ್ಟು ದೂರ ಹೋದಮೇಲೆ ಕಾರ್ಡೊಬಾ, ಸೆವಿಲ್ ಕೂಡ ಮುಗಿಸಿಬಿಡೋಣ ಎನ್ನುವುದು ಅವರ ಲೆಕ್ಕ. ಅವರಿಗೆ ಮಂಡಿ ನೋವಿದೆ, ಏರು ಹತ್ತುವುದು ಕಷ್ಟ. ನಾನು ಮೊಟ್ಟೆಯನ್ನೂ ತಿನ್ನುವವಳಲ್ಲ. ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಮ್ಯೂನಿಕ್‌ನಿಂದ ಒಬ್ಬರು:

ಮೊದಲು ಯಜಮಾನರ ಆ ಲೆಕ್ಕವನ್ನು ಹರಿದು ಹಾಕಿ, ಅಕ್ಕ. ನಾವೂ ಮೂರು ದಿನಕ್ಕೆ ಮೂರು ಊರು ಎಂದು ಹೊರಟಿದ್ದವರೇ. ಇಂದಿಗೂ ಫೋಟೋ ತೆಗೆದು ನೋಡಿದರೆ ಯಾವ ಕಮಾನು ಯಾವ ಊರಿನದೆಂದು ನಮ್ಮಿಬ್ಬರಲ್ಲಿ ಜಗಳ. ಹೊಟ್ಟೆ ತುಂಬಲಿಲ್ಲ ಎಂದು ಎರಡು ವರ್ಷ ಬಿಟ್ಟು ಗ್ರನಾಡ ಒಂದಕ್ಕೇ ಮತ್ತೆ ಹೋದೆವು. ನಾನು ಹೇಳುವುದು ಆ ಎರಡನೆಯ ಸಲದ ಬುದ್ಧಿ.

ಊಟ, ವಸತಿ ಎಲ್ಲ ಆಮೇಲೆ. ಇವತ್ತೇ ಅಲ್‌ಹಂಬ್ರಾದ ಅಧಿಕೃತ ಜಾಲತಾಣದಲ್ಲಿ ಟಿಕೆಟ್ ಇದೆಯೇ ನೋಡಿ. ಅಕ್ಟೋಬರ್‌ನಲ್ಲಿ ವಾರಗಟ್ಟಲೆ ಮುಂಚೆಯೇ ಖಾಲಿಯಾಗಿರುತ್ತದೆ. ಅದರಲ್ಲೂ ಅಕ್ಟೋಬರ್ 12 ಅವರ ರಾಷ್ಟ್ರೀಯ ರಜೆ, ಅದರ ಆಸುಪಾಸಿನಲ್ಲಿ ದೇಶದವರೇ ಪ್ರವಾಸಕ್ಕೆ ಹೊರಟಿರುತ್ತಾರೆ. ಕೋಟೆ, ತೋಟ, ಅರಮನೆ ಎಲ್ಲ ಸೇರಿದ ಸಾಮಾನ್ಯ ಟಿಕೆಟ್ ತಲೆಗೆ ಸುಮಾರು 20 ಯೂರೋ. ಅದರ ಮೇಲೆ ನಸ್ರಿದ್ ಅರಮನೆಗಳಿಗೆ, ಅಂದರೆ ಗ್ರನಾಡ ಆಳಿದ ನಸ್ರಿದ್ ಮನೆತನದ ಸುಲ್ತಾನರ ಅರಮನೆಗಳಿಗೆ, ಹೋಗುವ ಗಂಟೆ ನಮೂದಾಗಿರುತ್ತದೆ. ಉಳಿದದ್ದನ್ನೆಲ್ಲ ನಿಮ್ಮ ಅನುಕೂಲಕ್ಕೆ ನೋಡಬಹುದು; ಇದಕ್ಕೆ ಮಾತ್ರ ಮುಹೂರ್ತ ಮೀರುವಂತಿಲ್ಲ. ಒಳಗೆ ಹೋದಮೇಲೆ ಎಷ್ಟು ಹೊತ್ತು ಇದ್ದರೂ ಯಾರೂ ಎಬ್ಬಿಸುವುದಿಲ್ಲ. ಟಿಕೆಟ್ ನಿಮ್ಮ ಹೆಸರು, ಪಾಸ್‌ಪೋರ್ಟ್ ಸಂಖ್ಯೆಗೆ ಕಟ್ಟಿದ್ದು. ಒಳಗೆ ಎರಡು ಮೂರು ಕಡೆ ಪಾಸ್‌ಪೋರ್ಟ್ ಕೇಳುತ್ತಾರೆ, ರೂಮಿನಲ್ಲಿ ಭದ್ರವಾಗಿರಲಿ ಎಂದು ಬಿಟ್ಟು ಬರಬೇಡಿ. ಸಾಮಾನ್ಯ ಟಿಕೆಟ್ ಸಿಗದಿದ್ದರೆ ರಾತ್ರಿಯ ಭೇಟಿ ಇದೆ, ಊರಿನ ಹಳೆಯ ಕಟ್ಟಡಗಳನ್ನೂ ಸೇರಿಸಿದ ‘ದೋಬ್ಲಾ ದೆ ಓರೊ’ ಎಂಬ ಟಿಕೆಟ್ ಇದೆ. ಅವನ್ನೂ ನೋಡಿ.

ನಾವು ಮೊದಲ ಸಲ ಮಾಡಿದ ದಡ್ಡತನ ಕೇಳಿ. ನಮ್ಮ ಹೊತ್ತು ಹತ್ತು ಗಂಟೆ. ಒಂಬತ್ತು ಮುಕ್ಕಾಲಿಗೆ ಟಿಕೆಟ್ ಕೌಂಟರ್ ಇರುವ ಮುಖ್ಯ ಬಾಗಿಲಿಗೆ ಹೋಗಿ, ಬಂದೇಬಿಟ್ಟೆವಲ್ಲ ಎಂದು ನಿರಾಳವಾಗಿ ಕಾಫಿ ಕುಡಿಯುತ್ತಿದ್ದೆವು. ನಸ್ರಿದ್ ಅರಮನೆಗಳು ಇರುವುದು ಗುಡ್ಡದ ಇನ್ನೊಂದು ತುದಿಯಲ್ಲಿ. ಅಲ್ಲಿಂದ ಕಾಲು ಗಂಟೆಗೂ ಮಿಕ್ಕಿದ ನಡಿಗೆ. ಕಾಫಿ ಬಿಟ್ಟು ಓಡಿದೆವು. ನಮ್ಮವರ ಟೋಪಿ ದಾರಿಯಲ್ಲಿ ಎಲ್ಲೋ ಬಿತ್ತು, ಹೆಕ್ಕಲು ಪುರುಸೊತ್ತಿರಲಿಲ್ಲ. ಟಿಕೆಟ್ ಮೊಬೈಲ್‌ನಲ್ಲಿದ್ದರೆ ಆ ಕೌಂಟರ್ ಕಡೆ ತಲೆ ಹಾಕುವ ಅಗತ್ಯವೇ ಇಲ್ಲ. ‘ಪ್ವೆರ್ತಾ ದೆ ಲಾ ಹುಸ್ತಿಸಿಯಾ’, ಅಂದರೆ ನ್ಯಾಯದ ಬಾಗಿಲಿನಿಂದ ಒಳಗೆ ಹೋಗಿ, ಅರಮನೆಗಳು ಅಲ್ಲಿಂದ ಹತ್ತಿರ. 1348ರ ಬಾಗಿಲು ಅದು. ಹೊರಗಿನ ಕಮಾನಿನ ನೆತ್ತಿಯಲ್ಲಿ ಒಂದು ಅಂಗೈ, ಒಳಗಿನದರ ಮೇಲೆ ಒಂದು ಬೀಗದ ಕೈ ಕೆತ್ತಿದ್ದಾರೆ. ಓಡುವವರಿಗೆ ಅವು ಕಾಣುವುದಿಲ್ಲ.

ಅರಮನೆಯ ಒಳಗೆ ಏನಿದೆ ಎಂದು ಪೂರಾ ಬರೆದರೆ ನಿಮ್ಮ ಪಾಲಿನ ಬೆರಗನ್ನು ನಾನೇ ತಿಂದಂತಾಗುತ್ತದೆ. ಎರಡು ಮಾತು ಮಾತ್ರ. ಗೋಡೆಗಳಲ್ಲಿ ಆಳೆತ್ತರದ ತನಕ ಬಣ್ಣದ ಹೆಂಚು, ಅದರ ಮೇಲೆ ಗಾರೆಯಲ್ಲಿ ಕೆತ್ತಿದ ಬಳ್ಳಿ, ಬಳ್ಳಿಯ ನಡುವೆ ಅರಬ್ಬಿ ಅಕ್ಷರ. ‘ಅಲ್ಲಾಹನ ಹೊರತು ವಿಜಯಿ ಇಲ್ಲ’ ಎಂಬ ನಸ್ರಿದ್ ದೊರೆಗಳ ಒಕ್ಕಣೆ ಕಂಡಲ್ಲೆಲ್ಲ ಇದೆ. ಒಂದು ಸಲ ಅದರ ಆಕಾರ ಗುರುತು ಹಿಡಿದರೆ ಸಾಕು, ಆಮೇಲೆ ಕಣ್ಣು ಅದನ್ನೇ ಹುಡುಕುತ್ತದೆ. ನಮ್ಮವರು ಒಂದು ಗೋಡೆಯಲ್ಲಿ ಎಣಿಸಲು ಹೊರಟು ನಲವತ್ತಕ್ಕೆ ಸೋತರು. ಆಮೇಲೆ ಸಿಂಹಗಳ ಅಂಗಳ. ಹನ್ನೆರಡು ಅಮೃತಶಿಲೆಯ ಸಿಂಹಗಳು ನೀರಿನ ತೊಟ್ಟಿಯೊಂದನ್ನು ಬೆನ್ನಿನ ಮೇಲೆ ಹೊತ್ತು ನಿಂತಿವೆ. ಹೆಸರಿಗೆ ಸಿಂಹ, ಮುಖದಲ್ಲಿ ಸಾಕಿದ ನಾಯಿಯ ಸಾಧುತನ.

ಈ ಅಂಗಳ ಕಟ್ಟಿಸಿದ ಐದನೆಯ ಮುಹಮ್ಮದ್ ನಮ್ಮ ಬುಕ್ಕರಾಯನ ಓರಗೆಯವನು. ಇಬ್ಬರೂ 1360ರ ದಶಕದಲ್ಲಿ ಆಳುತ್ತಿದ್ದವರು. ಹಂಪಿಯಲ್ಲಿ ಅರಮನೆಗಳ ಮರವೆಲ್ಲ ಹೋಗಿ ಕಲ್ಲಿನ ಜಗತಿ ಉಳಿದಿದೆ, ಇಲ್ಲಿ ಮರವೂ ಗಾರೆಯೂ ತಲೆಯ ಮೇಲೆ ನಿಂತಿವೆ. ರಾಯಭಾರಿಗಳ ಸಭಾಂಗಣದ ಚಾವಣಿಯೊಂದಕ್ಕೇ ಎಂಟು ಸಾವಿರಕ್ಕೂ ಹೆಚ್ಚು ಮರದ ತುಂಡು ಜೋಡಿಸಿದ್ದಾರೆ. ನಮ್ಮವರು ಹೊಸಪೇಟೆಯವರು. ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿ, “ನಮ್ಮ ಕಡೆಯದಕ್ಕೂ ಒಂದು ಸೂರು ಉಳಿದಿದ್ದರೆ” ಎಂದು ಸುಮ್ಮನಾದರು.

ಕೊನೆಗೆ ಹೆನೆರಲೀಫೆ ತೋಟ. ಸುಲ್ತಾನರು ದಾರ್ರೊ ನದಿಯಿಂದ ತೋಡಿಸಿದ ಕಾಲುವೆಯ ನೀರಿನಿಂದ ಬೆಳೆದ ತೋಟ. ದಾಳಿಂಬೆ ಗಿಡಗಳಿವೆ, ಅಕ್ಟೋಬರ್‌ನಲ್ಲಿ ಕಾಯಿ ಕೆಂಪಾಗಿರುತ್ತದೆ. ಅಂದ ಹಾಗೆ ‘ಗ್ರನಾಡ’ ಎಂದರೆ ಅವರ ಭಾಷೆಯಲ್ಲಿ ದಾಳಿಂಬೆ. ಬೀದಿಯ ಫಲಕ, ರಸ್ತೆ ಬದಿಯ ಕಬ್ಬಿಣದ ಗೂಟದ ತಲೆ, ಎಲ್ಲೆಲ್ಲೂ ಅದೇ ಹಣ್ಣು.

ಲಂಡನ್‌ನಿಂದ ಒಬ್ಬರು:

ಮಂಡಿ ನೋವಿನ ವಿಷಯಕ್ಕೆ ಮಾತ್ರ ಬರೆಯುತ್ತೇನೆ, ಏಕೆಂದರೆ ನನ್ನದೂ ಅದೇ ಪಾಡು. ಅಲ್ಬೈಸಿನ್ ಎಂಬ ಹಳೆಯ ಕೇರಿಯಲ್ಲಿ ಕಿಟಕಿಯಿಂದಲೇ ಅರಮನೆ ಕಾಣುವ ಮನೆಗಳು ಬಾಡಿಗೆಗೆ ಸಿಗುತ್ತವೆ, ಚಿತ್ರ ನೋಡಿದರೆ ಮರುಳಾಗುತ್ತೀರಿ. ಬೇಡ. ಅಲ್ಲಿಯ ಓಣಿಗಳಿಗೆ ಹಾಸಿರುವುದು ಹೊಳೆಗಲ್ಲು. ಮೊಟ್ಟೆ ಗಾತ್ರದ ನುಣುಪು ಕಲ್ಲುಗಳನ್ನು ನೆಟ್ಟಗೆ ನಿಲ್ಲಿಸಿ ಹೂಬಳ್ಳಿಯ ಚಿತ್ತಾರ ಮಾಡಿದ್ದಾರೆ. ನೋಡಲು ರಂಗೋಲಿ, ನಡೆಯಲು ಶಿಕ್ಷೆ. ನನ್ನ ಸೂಟ್‌ಕೇಸಿನ ಒಂದು ಚಕ್ರ ಆ ಓಣಿಯಲ್ಲಿಯೇ ಕಳಚಿಕೊಂಡಿತು. ಪ್ಲಾಸಾ ನ್ವೇವಾ ಚೌಕದ ಹತ್ತಿರ, ಸಮತಟ್ಟು ಜಾಗದಲ್ಲಿ ರೂಮು ಮಾಡಿ.

ಅಲ್ಲಿಂದ ಸಣ್ಣ ಬಸ್‌ಗಳಿವೆ. ಸಿ30 ಅಲ್‌ಹಂಬ್ರಾಕ್ಕೆ, ಸಿ31 ಅಲ್ಬೈಸಿನ್‌ಗೆ, ಸಿ32 ಎರಡನ್ನೂ ಜೋಡಿಸುತ್ತದೆ. ಎರಡು ಆಳು ಪಕ್ಕಪಕ್ಕ ನಡೆಯಲಾಗದ ತಿರುವಿನಲ್ಲಿ ಆ ಚಾಲಕರು ಗೋಡೆ ಸವರದೆ ಹೊರಳಿಸುವುದನ್ನು ನೋಡಲೆಂದೇ ಒಮ್ಮೆ ಹತ್ತಬಹುದು. ಬಸ್‌ನಲ್ಲಿ ಮೇಲೆ ಹೋಗಿ, ಇಳಿಯುವಾಗ ಮಾತ್ರ ನಡೆಯೋಣ ಎಂದುಕೊಳ್ಳಬೇಡಿ. ಮಂಡಿಗೆ ಇಳಿಜಾರೇ ಹೆಚ್ಚು ಕಷ್ಟ. ಇಬ್ಬರೂ ನಡೆಯಲೇಬೇಕೆಂದರೆ ದಾರ್ರೊ ನದಿಯ ದಂಡೆಯ ರಸ್ತೆ ಹೆಚ್ಚು ಏರಿಲ್ಲದ್ದು. ಆ ದಾರಿಯಲ್ಲೇ ‘ಎಲ್ ಬಾನ್ಯುಯೆಲೊ’ ಎಂಬ ಹಳೆಯ ಅರಬ್ ಸ್ನಾನಗೃಹವಿದೆ. ಕಮಾನು ಚಾವಣಿಗೆ ನಕ್ಷತ್ರದ ಆಕಾರದ ಕಂಡಿಗಳು, ಅವುಗಳಿಂದ ಬಿಸಿಲು ನೆಲದ ಮೇಲೆ ಬೀಳುತ್ತದೆ.

ಸೂರ್ಯಾಸ್ತಕ್ಕೆ ಸಾನ್ ನಿಕೊಲಾಸ್ ಚೌಕಕ್ಕೆ ಎಲ್ಲರೂ ಕಳಿಸುತ್ತಾರೆ. ಹೋಗಿ, ಆದರೆ ಅಲ್ಲಿ ಜಾತ್ರೆ. ಪಕ್ಕದಲ್ಲೇ 2003ರಲ್ಲಿ ತೆರೆದ ಮಸೀದಿಯ ತೋಟವಿದೆ, ಬಾಗಿಲು ತೆರೆದಿರುವ ಹೊತ್ತಿನಲ್ಲಿ ಹೋದರೆ ಅದೇ ನೋಟ, ಕಾಲುಭಾಗ ಗದ್ದಲ. ಎದುರಿಗೆ ಗುಡ್ಡದ ಮೇಲೆ ಅರಮನೆ, ಅದರ ಹಿಂದೆ ಸಿಯೆರಾ ನೆವಾಡಾ ಬೆಟ್ಟಸಾಲು.

ಧಾರವಾಡದಿಂದ, ನಿವೃತ್ತ ಅಧ್ಯಾಪಕರು:

ಮಗ ಮ್ಯಾಡ್ರಿಡ್‌ನಲ್ಲಿದ್ದಾಗ ನಾನು, ನನ್ನ ಮನೆಯವರು ಗ್ರನಾಡಕ್ಕೆ ಹೋಗಿದ್ದೆವು. ಎಲ್ಲರೂ ಅಲ್‌ಹಂಬ್ರಾ ಎನ್ನುತ್ತಿದ್ದಾರೆ, ಸರಿಯೇ. ಆದರೆ ಊರ ನಡುವೆ, ಕ್ಯಾಥೆಡ್ರಲ್‌ಗೆ ಅಂಟಿಕೊಂಡಂತೆ ‘ಕಪೀಯಾ ರೆಯಾಲ್’ ಇದೆ, ರಾಜರ ಸಮಾಧಿ ಮಂದಿರ. 1492ರ ಜನವರಿ 2ರಂದು ಗ್ರನಾಡದ ಕೊನೆಯ ಸುಲ್ತಾನ ಬೊಅಬ್ದಿಲ್ ಕೋಟೆಯನ್ನು ಒಪ್ಪಿಸಿದ್ದು ರಾಣಿ ಇಸಬೆಲ್ಲಾ, ರಾಜ ಫರ್ಡಿನಾಂಡ್ ಇಬ್ಬರಿಗೆ. ಅದೇ ವರ್ಷ ಕೊಲಂಬಸ್‌ನನ್ನು ಪಡುವಣ ಕಡಲಿಗೆ ಕಳಿಸಿದವರೂ ಅವರೇ. ಆತ ಹುಡುಕಲು ಹೊರಟದ್ದು ನಮ್ಮ ಕಡೆಯ ದಾರಿಯನ್ನು. ಆ ದಂಪತಿ ಮಲಗಿರುವುದು ಇಲ್ಲಿ. ಮೇಲೆ ಅಮೃತಶಿಲೆಯಲ್ಲಿ ಕಿರೀಟ ಸಮೇತ ದೊಡ್ಡ ಶಿಲ್ಪ. ನಾಲ್ಕಾರು ಮೆಟ್ಟಿಲು ಇಳಿದು ಕಂಡಿಯಿಂದ ಇಣುಕಿದರೆ ಸಣ್ಣ ನೆಲಮಾಳಿಗೆ, ಬರಿಯ ಸೀಸದ ಪೆಟ್ಟಿಗೆಗಳು. ನನ್ನ ಮನೆಯವರು ಚರಿತ್ರೆ ಓದಿದವರಲ್ಲ. ಇಣುಕಿ ನೋಡಿ, “ಇಷ್ಟೇ ಏನು?” ಎಂದರು. ಮೂವತ್ತು ವರ್ಷ ಚರಿತ್ರೆ ಕಲಿಸಿದವನಿಗೆ ಅದಕ್ಕೊಂದು ಉತ್ತರ ಹೊಳೆಯಲಿಲ್ಲ.

ಮ್ಯೂನಿಕ್‌ನ ಸಹೋದರಿಯ ಮಾತಿಗೆ ಒಂದು ತಿದ್ದುಪಡಿ. ಸೆವಿಲ್ ಬಿಡಿ, ಒಪ್ಪಿದೆ. ಕಾರ್ಡೊಬಾ ಬಿಡಬೇಡಿ. ಅಲ್ಲಿಯ ಮಸೀದಿಯಲ್ಲಿ ಎಂಟುನೂರಕ್ಕೂ ಹೆಚ್ಚು ಕಂಬಗಳು, ಕೆಂಪು ಬಿಳಿ ಪಟ್ಟೆಯ ಜೋಡಿ ಕಮಾನುಗಳು, ಆ ಕಂಬಗಳ ಕಾಡಿನ ನಟ್ಟನಡುವೆ ಹದಿನಾರನೆಯ ಶತಮಾನದಲ್ಲಿ ಎಬ್ಬಿಸಿದ ಚರ್ಚು. ನಿಮ್ಮ ವಿಮಾನ ಭಾನುವಾರ ರಾತ್ರಿ ಎಂದಿದ್ದೀರಿ. ಗ್ರನಾಡದಿಂದ ಬೆಳಗಿನ ರೈಲಿಗೆ ಕಾರ್ಡೊಬಾ, ಅಲ್ಲಿಂದ ವೇಗದ ರೈಲಿನಲ್ಲಿ ಒಂದು ಗಂಟೆಗೆ ಮಾಲಗಾ. ಭಾನುವಾರ ಬೆಳಿಗ್ಗೆ ಪೂಜೆ ಇರುವುದರಿಂದ ಪ್ರವಾಸಿಗರಿಗೆ ಬಾಗಿಲು ತೆರೆಯುವ ಹೊತ್ತನ್ನು ಮೊದಲೇ ನೋಡಿಕೊಳ್ಳಿ.

ಮ್ಯೂನಿಕ್‌ನಿಂದ:

ಗುರುಗಳೇ, ನಕ್ಷೆಯಲ್ಲಿ ಗೆರೆ ಎಳೆದು ನೋಡಿದರೆ ಸಲೀಸು. ಸೂಟ್‌ಕೇಸು, ಮಂಡಿ ನೋವು, ರಾತ್ರಿಯ ವಿಮಾನ ಮೂರನ್ನೂ ಕಟ್ಟಿಕೊಂಡು ನಾನಂತೂ ಹೋಗುವುದಿಲ್ಲ. ಮಾಲಗಾ ವಿಮಾನ ನಿಲ್ದಾಣಕ್ಕೆ ಗ್ರನಾಡದಿಂದ ನೇರ ಬಸ್ ಇದೆ, ಎರಡು ಗಂಟೆಯ ದಾರಿ. ಬರುವಾಗಲೂ ಅದೇ. ಆದರೆ ತೀರ್ಮಾನ ಅಕ್ಕನದು.

ಬಾರ್ಸಿಲೋನಾದಿಂದ ಒಬ್ಬರು:

ಊಟದ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಾನೂ ಮೊಟ್ಟೆ ತಿನ್ನದವಳು, ಈ ದೇಶದಲ್ಲಿ ಆರು ವರ್ಷ ಬದುಕಿದ್ದೇನೆ. ಗ್ರನಾಡದಲ್ಲಿ ಕುಡಿಯಲು ಏನಾದರೂ ಹೇಳಿದರೆ ಜೊತೆಗೆ ಒಂದು ತಟ್ಟೆ ತಿಂಡಿ ಬಿಟ್ಟಿಯಾಗಿ ಬರುತ್ತದೆ, ಅದೇ ‘ತಾಪಾಸ್’. ಮದ್ಯವೇ ಆಗಬೇಕೆಂದಿಲ್ಲ. ‘ಮೋಸ್ತೊ’ ಎಂದು ಕೇಳಿ, ಹುಳಿಯಿಸದ ದ್ರಾಕ್ಷಿ ರಸ. ಅದಕ್ಕೂ ತಟ್ಟೆ ಬರುತ್ತದೆ. ತೊಡಕಿರುವುದು ತಟ್ಟೆಯಲ್ಲಿ ಏನಿರಬೇಕೆಂದು ಅವರೇ ತೀರ್ಮಾನಿಸುವುದರಲ್ಲಿ. ಅವರಿಗೆ ಮಾಂಸ ಎಂದರೆ ದೊಡ್ಡ ತುಂಡು. ಹಮೋನ್, ಅಂದರೆ ಒಣಗಿಸಿದ ಹಂದಿ ಮಾಂಸ, ಕೆಲವರ ಲೆಕ್ಕದಲ್ಲಿ ಒಗ್ಗರಣೆ ಇದ್ದಂತೆ. ಆ ಊರಿನ ಹೆಸರಾಂತ ತಿನಿಸೊಂದು ನೋಡಲು ಅಪ್ಪಟ ಅವರೆಕಾಳಿನ ಪಲ್ಯ. ಆಸೆಯಿಂದ ಚಮಚ ಹಾಕಿದರೆ ಅಡಿಯಲ್ಲಿ ಹಮೋನ್. ಆದ್ದರಿಂದ ಕೂರುವ ಮೊದಲೇ ಹೇಳಿ: “ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ, ಸಿನ್ ವೆವೊ.” ಮಾಂಸ, ಹಮೋನ್, ಮೀನು, ಮೊಟ್ಟೆ ನಾಲ್ಕೂ ಇಲ್ಲದೆ ಎಂದರ್ಥ. ನಾಲ್ಕನ್ನೂ ಬಿಡಿಬಿಡಿಯಾಗಿ ಹೇಳಬೇಕು.

ನಿಮಗೆ ಹೇಳಿ ಮಾಡಿಸಿದ್ದು ‘ಬೆರೆನ್‌ಹೇನಾಸ್ ಕೋನ್ ಮಿಯೆಲ್ ದೆ ಕಾನ್ಯಾ’. ಬದನೆಕಾಯಿಯನ್ನು ಹಿಟ್ಟು ಹಚ್ಚಿ ಕರಿದು ಮೇಲೆ ಕಬ್ಬಿನ ಪಾಕ ಸುರಿದು ಕೊಡುತ್ತಾರೆ. ಬಣ್ಣ, ವಾಸನೆ, ಅಂಟು ಎಲ್ಲವೂ ನಮ್ಮ ಜೋನಿಬೆಲ್ಲವೇ! ಬದನೆಕಾಯಿ ಬಜ್ಜಿಗೆ ಜೋನಿಬೆಲ್ಲ ಎಂದು ನಮ್ಮ ಶಿರಸಿಯ ಅತ್ತೆಗೆ ಹೇಳಿದಾಗ ಫೋನ್ ಇಡುವ ತನಕ ನಂಬಲಿಲ್ಲ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರೆಯೇ ಎಂದು ಮಾತ್ರ ಕೇಳಿ. ಸಾಲ್ಮೊರೇಹೊ ಎಂಬ ತಣ್ಣನೆಯ ಟೊಮೆಟೊ ಗೊಜ್ಜಿನಂಥದ್ದು ರುಚಿ, ಆದರೆ ಮೇಲೆ ಮೊಟ್ಟೆ, ಹಮೋನ್ ಉದುರಿಸುತ್ತಾರೆ, ಬೇಡ ಎನ್ನಿ. ಏನೂ ಒಗ್ಗದಿದ್ದರೆ ಕಾಲ್ದೆರೆರಿಯಾ ನ್ವೇವಾ ಓಣಿಗೆ ಹೋಗಿ. ಅಲ್ಲಿ ಮೊರೊಕ್ಕೊ ಶೈಲಿಯ ಚಹಾದಂಗಡಿಗಳ ಸಾಲು, ಪುದೀನಾ ಚಹಾ ಸಿಗುತ್ತದೆ.

ಹೊತ್ತು ಮರೆಯಬೇಡಿ. ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿಯದು ಒಂಬತ್ತರ ಮೇಲೆ. ನಡುವೆ ಎಷ್ಟೋ ಕಡೆ ಅಡುಗೆಮನೆ ಮುಚ್ಚಿರುತ್ತದೆ. ಸಂಜೆ ಆರಕ್ಕೆ ಹಸಿದವರಿಗೆ ಬ್ಯಾಗಿನಲ್ಲಿ ಕೋಡುಬಳೆ ಇದ್ದರೆ ಮಾನ ಉಳಿಯುತ್ತದೆ.

ಇನ್ನೊಬ್ಬರು:

ಕ್ಯಾಥೆಡ್ರಲ್ ಹತ್ತಿರ ಹೆಂಗಸರು ರೋಸ್‌ಮರಿ ಕಡ್ಡಿ ಕೈಗೆ ತುರುಕಲು ಬರುತ್ತಾರೆ. ಹಿಡಿದರೆ ಅಂಗೈ ನೋಡಿ ಭವಿಷ್ಯ ಹೇಳಿ ದುಡ್ಡು ಕೇಳುತ್ತಾರೆ. ನನಗೆ ಮೂರು ಮಕ್ಕಳ ಯೋಗವಿದೆಯಂತೆ, ಐದು ಯೂರೋ. ಕೈ ಜೇಬಿನಲ್ಲಿರಲಿ.

ಕೇಳಿದವರು:

ಎಲ್ಲರಿಗೂ ಧನ್ಯವಾದ. ಸೆವಿಲ್ ಬಿಟ್ಟೆವು. ಕಾರ್ಡೊಬಾ ಬಗ್ಗೆ ಮನೆಯಲ್ಲಿ ಇನ್ನೂ ಮಾತುಕತೆ ನಡೆದಿದೆ. ನಮ್ಮವರು ಗುರುಗಳ ಕಡೆ. ಈಗ ಟಿಕೆಟ್ ಕೊಳ್ಳಲು ಕುಳಿತಿದ್ದೇನೆ, ಶನಿವಾರ ಹತ್ತೂವರೆ ಸಿಗುತ್ತಿದೆ. ಆದರೆ ಇವರ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ಫಾರಂ ಮುಂದಕ್ಕೆ ಹೋಗುತ್ತಲೇ ಇಲ್ಲ. ಏನು ತುಂಬಲಿ? ಬೇಗ ಹೇಳಿ.

ಮ್ಯೂನಿಕ್‌ನಿಂದ:

ನಮ್ಮವರದೂ ಇದೇ ಕಥೆ. ಆ ದೇಶದಲ್ಲಿ ತಲೆಗೆ ಎರಡೆರಡು ಮನೆತನದ ಹೆಸರು, ಅಪ್ಪನದೊಂದು ಅಮ್ಮನದೊಂದು. ನಮಗೆ ಒಂದಕ್ಕೂ ಗತಿಯಿಲ್ಲ. ಅವರ ಹೆಸರನ್ನೇ ಎರಡೂ ಕಡೆ ತುಂಬಿ, ಪಾಸ್‌ಪೋರ್ಟ್ ಸಂಖ್ಯೆ ಒಂದಕ್ಷರ ತಪ್ಪದಿರಲಿ. ನಾವು ಹಾಗೆಯೇ ಮಾಡಿದ್ದು. ಬಾಗಿಲಲ್ಲಿದ್ದ ಹುಡುಗಿ ಸಂಖ್ಯೆ ನೋಡಿದಳು, ಆಮೇಲೆ ‘ಮಂಜುನಾಥ ಮಂಜುನಾಥ’ ಎಂದು ಜೋರಾಗಿ ಓದಿ ಒಳಗೆ ಬಿಟ್ಟಳು.

ಕೇಳಿದವರು:

ಆಯಿತು, ಟಿಕೆಟ್ ಬಂತು. ಶನಿವಾರ ಹತ್ತೂವರೆ. ಹತ್ತಕ್ಕೇ ನ್ಯಾಯದ ಬಾಗಿಲಲ್ಲಿ ಇರುತ್ತೇವೆ, ಕಾಫಿ ಕುಡಿದೇ.